ಸುಟ್ಟ ಕಂಪ್ಯೂಟರ್ ಕೊಡ್ರಿ, ಅದರ ಹೊಟ್ಟ್ಯಾಗಿನ ಡಿಸ್ಕ್ ಕೊಡಬ್ಯಾಡ್ರಿ

ಕರೆಂಟ್ ಜಾಸ್ತಿ ಬಂದು ಮನಿಯೊಳಗಿನ ಕಂಪ್ಯೂಟರ್ ಸುಟ್ಟಿತು ಅಂದ್ರ ನಾವು ಎರಡರಾಗ ಒಂದು ಮಾಡ್ತೀವಿ. "ಹೋತು, ಎಲ್ಲಾ ಹೋತು" ಅಂತ ಇಡೀ ಡಬ್ಬಿನ ಗುಜರಿಯವಗ ಕೊಟ್ಟು ಕೈ ತೊಳಕೋತೀವಿ. ಇಲ್ಲಾ, "ಏನರೆ ಉಳದಿರಬಹುದು ನೋಡ್ರೋ" ಅಂತ ಹುಡುಗೂರ ಕೈಯಾಗ ಸ್ಕ್ರೂ ಡ್ರೈವರ್ ಕೊಟ್ಟು ಕಂಡದ್ದೆಲ್ಲಾ ಬಿಚ್ಚಸ್ತೀವಿ. ಎರಡೂ ಬರೋಬರಿ ಅಲ್ಲ ಅಂತ ನನಗ ಅನಸ್ತದ. ಮೊದಲನೇದರಾಗ ಮನಿ ನೆನಪು ಹೋಗ್ತದ, ಎರಡನೇದರಾಗ ಜೀವಕ್ಕ ಅಪಾಯ ಅದ.

ನನ್ನ ಮಾತು ಇಷ್ಟ. ಸುಟ್ಟ ಕಂಪ್ಯೂಟರ್‌ನಿಂದ ಹಾರ್ಡ್ ಡಿಸ್ಕ್ ತೆಗೆದು ಇಟ್ಟುಕೊಳ್ಳೋದು ಮನಿ ನಡಸೋ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತಿರಬೇಕು. ಅದಕ್ಕ ಹೊಲಿಗಿ ಮಷೀನಿಗೆ ಸೂಜಿ ಬದಲು ಮಾಡೋವಷ್ಟು ಬುದ್ಧಿ ಸಾಕು. ಆದರ ಅದರೊಳಗಿನ ಕರೆಂಟಿನ ಡಬ್ಬಿ ಅಂತ ಒಂದು ಅದ, ಅದನ್ನ ಮಾತ್ರ ಮನಿಯೊಳಗ ಯಾರೂ, ಗಂಡಸರೂ, ಎಂಜಿನಿಯರಿಂಗ್ ಓದೋ ಮಗನೂ ಬಿಚ್ಚಬಾರದು. ಯಾವುದು ಮುಟ್ಟೂದು, ಯಾವುದು ಮುಟ್ಟಬಾರದು ಅನ್ನೋದು ಗೊತ್ತಾದ್ರ ಅರ್ಧ ಹೆದರಿಕಿ ಹೋಗ್ತದ.

"ನೀ ಯಾವಾಗ ಕಂಪ್ಯೂಟರ್ ಪಂಡಿತಳಾದಿ" ಅಂತ ನಮ್ಮ ನೆಗೆಣ್ಣಿ ನಗ್ತಾಳ. ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ನಮ್ಮ ಅಕ್ಕನ ಮಗ ಕಂಪ್ಯೂಟರ್ ರಿಪೇರಿ ಮಾಡ್ತಾನ. ಅವನ ಬಾಜು ಕೂತು ನೋಡಿ, ಕೇಳಿ, ನನ್ನ ಕೈಲೆ ಮಾಡಿ ಕಲ್ತದ್ದನ್ನ ಬರೀಲಿಕ್ಹತ್ತೀನಿ. ಶಾಸ್ತ್ರದ ಪಾಠ ಅಲ್ಲ, ಮನಿ ಕೆಲಸದ ಪಾಠ.

ಮೊದಲ ಕರೆಂಟ್ ಹೆಂಗ ಸುಡ್ತದ ಅಂತ ತಿಳಕೊಳ್ಳೋಣ. ನಮ್ಮ ಮನಿಗೆ ಬರೋದು 230 ವೋಲ್ಟ್. ಕಂಬದ ಮ್ಯಾಲೆ ಮೂರು ಫೇಸಿನ ತಂತಿ, ಒಂದು ನ್ಯೂಟ್ರಲ್ ತಂತಿ ಇರ್ತಾವ. ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವ 400 ವೋಲ್ಟ್ ಆಸುಪಾಸು ಇರ್ತದ. ಆ ನ್ಯೂಟ್ರಲ್ ತಂತಿ ಹರೀತು ಅಂದ್ರ ಮನಿಮನಿಗೆ ಹಂಚಿಕಿ ತಪ್ಪತದ. ಒಬ್ಬರ ಮನಿಯೊಳಗ ದೀಪ ಮಿಣಮಿಣ ಅಂತದ, ಬಾಜು ಮನಿಯೊಳಗ 300, 350 ವೋಲ್ಟ್ ಬಂದು ಫ್ಯಾನ್ ಗಿರ್ರಂತ ತಿರಗತದ, ದೀಪ ಕಣ್ಣು ಕುಕ್ಕೋಹಂಗ ಉರೀತದ. ಹೋದ ವರ್ಷ ಅಡ್ಡಮಳಿಯೊಳಗ ನಮ್ಮ ಓಣಿಯಾಗ ಆದದ್ದು ಇದ. ಟಿವಿ, ಮಿಕ್ಸರ್ ಚಾರ್ಜರ್ ಅಂತ ಒಂದೊಂದು ಮನಿಯೊಳಗ ಒಂದೊಂದು ಸುಟ್ಟವು. ನಮ್ಮ ಮನಿ ಕಂಪ್ಯೂಟರ್‌ನಿಂದ ಒಂದು ಸಪ್ಪಳ, ಆಮ್ಯಾಲೆ ಸುಟ್ಟ ವಾಸನಿ.

ಇನ್ನೊಂದು ದಾರಿ ಸಿಡಿಲಿಂದು. ಸಿಡಿಲು ನಮ್ಮ ಮನಿ ಮ್ಯಾಲೇ ಬೀಳಬೇಕಂತಿಲ್ಲ. ಹತ್ತಿರದ ಲೈನಿನ ಮ್ಯಾಲೆ ಬಿದ್ರೂ ಸಾಕು, ತಂತಿ ಹಿಡಕೊಂಡು ಮನಿಯೊಳಗ ಬರ್ತದ. ಕರೆಂಟಿನ ತಂತಿಯಿಂದ ಅಷ್ಟ ಅಲ್ಲ, ಟೆಲಿಫೋನ್ ತಂತಿ, ಕೇಬಲ್ ಟಿವಿ ತಂತಿ, ತಾಮ್ರದ ಇಂಟರ್ನೆಟ್ ತಂತಿ, ಎಲ್ಲಾದ್ರಿಂದನೂ ಬರಬಹುದು. ಅದಕ್ಕ "ಸ್ವಿಚ್ ಆಫ್ ಇತ್ತಲ್ಲ, ಹೆಂಗ ಸುಟ್ಟಿತು" ಅಂತ ಅಚ್ಚರಿಪಡಬ್ಯಾಡ್ರಿ.

ಹೊರಗಿಂದ ಬಂದ ಈ ಹೊಡೆತ ಮೊದಲ ಬೀಳೋದು ಕರೆಂಟಿನ ಡಬ್ಬಿ ಮ್ಯಾಲೆ. ರಿಪೇರಿಯವರು ಅದಕ್ಕ ಎಸ್‌ಎಂಪಿಎಸ್ ಅಂತಾರ. ಗ್ವಾಡಿಯೊಳಗಿನ 230 ವೋಲ್ಟ್ ತಗೊಂಡು 12, 5, 3.3 ವೋಲ್ಟ್ ಮಾಡಿ ಒಳಗಿನವಕ್ಕ ಹಂಚೋದು ಅದರ ಕೆಲಸ. ಒಲಿ ಮ್ಯಾಲಿನ ಕುದಿಯೋ ಸಾರು ಆರಿಸಿ ಕೂಸಿಗೆ ಉಣಸ್ತೀವಲ್ಲ, ಹಂಗ. ಭಾಳ ಸಲ ಹೊಡೆತನ ತಾನ ತಿಂದು, ತಾ ಸತ್ತು, ಉಳಿದವನ್ನ ಉಳಸ್ತದ. ಕೆಲವು ಸಲ ಮದರ್‌ಬೋರ್ಡ್‌ನೂ ಜೋಡಿ ಕರಕೊಂಡು ಹೋಗ್ತದ. ಆದರ ಕಂಪ್ಯೂಟರ್ ಚಾಲೂ ಆಗಲಿಲ್ಲ ಅಂದ್ರ ಅದರೊಳಗಿನ ಫೋಟೋ, ಲೆಕ್ಕ, ಪತ್ರ ಎಲ್ಲಾ ಸುಟ್ಟಾವಂತ ಅರ್ಥ ಅಲ್ಲ. ಅವು ಇರೋದು ಹಾರ್ಡ್ ಡಿಸ್ಕಿನೊಳಗ. ಅಡಗಿಮನಿಯೊಳಗ ಒಲಿ ಕೆಟ್ರ ಕಪಾಟಿನೊಳಗಿನ ಬ್ಯಾಳಿ ಕೆಡತದೇನ್ರಿ?

ಇದು ತಿಳೀದ ನಮ್ಮ ಓಣಿ ಕಡೀ ಮನಿಯಾಕಿ ಏನು ಕಳಕೊಂಡಳು ಅಂತ ಹೇಳ್ತೀನಿ. ಆಕಿ ಹೊಲಿಗಿ ಮಾಡಿ ಮನಿ ನಡಸಾಕಿ. ಗಿರಾಕಿಗಳ ಅಳತಿ, ಉದ್ರಿ ಲೆಕ್ಕ, ತೀರಿಕೊಂಡ ಗಂಡನ ಫೋಟೋ, ಮಗಳ ಮಾರ್ಕ್ಸ್ ಕಾರ್ಡು, ಎಲ್ಲಾರ ಆಧಾರ್ ಕಾರ್ಡಿನ ನಕಲು, ಎಲ್ಲಾ ಅದರಾಗ ಇದ್ವು. "ಸುಟ್ಟದ್ದನ್ನ ಕೊಡ್ರಿ, ಹೊಸಾದರಾಗ ಒಂದಿಷ್ಟು ಕಡಿಮಿ ಮಾಡ್ತೀವಿ" ಅಂತ ಯಾರೋ ಬಂದ್ರು, ಆಕಿ ಇಡೀ ಡಬ್ಬಿ ಕೊಟ್ಟಳು. ಎರಡು ದಿನ ಬಿಟ್ಟು ನಮ್ಮ ಮನಿಗೆ ಬಂದಾಗ ನಾ ಕೇಳಿದೆ, "ಡಿಸ್ಕ್ ತಗದ್ಯೇನವಾ?" "ಡಿಸ್ಕ್ ಅಂದ್ರೇನ್ರೀ ವೈನಿ?" ಅಂದಳು. ಹುಡಕಿಕೊಂಡು ಹೋದ್ರ ಆ ಡಬ್ಬಿ ಆಗಲೇ ಎಲ್ಲಿಗೋ ಹೋಗಿತ್ತು. ಉದ್ರಿ ದುಡ್ಡು ಅರ್ಧ ಬರಲಿಲ್ಲ, ಅದನ್ನ ಹೆಂಗರೆ ದುಡೀಬಹುದು. ಗಂಡನ ಫೋಟೋ ಎಲ್ಲಿಂದ ತರ್ತಾಳ? ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ ಅಂತಾರಲ್ಲ, ಹಂಗಾತು.

ಗುಜರಿಯವರೆಲ್ಲಾ ಕೆಟ್ಟವರು, ರಿಪೇರಿಯವರೆಲ್ಲಾ ಮೋಸಗಾರರು ಅಂತ ನಾ ಅನ್ನೂದಿಲ್ಲ. ಪಾಪ, ಭಾಳ ಮಂದಿ ಪ್ರಾಮಾಣಿಕರ ಇರ್ತಾರ. ಆದರ ತಿಜೋರಿ ಕೀಲಿ ಕೆಟ್ರ ತಿಜೋರಿ ರಿಪೇರಿಗೆ ಕೊಡೋ ಮೊದಲ ಬಂಗಾರ ತೆಗೆದಿಡ್ತೀವಿ. ಅದು ಯಾರ ಮ್ಯಾಲೂ ಸಂಶಯ ಅಲ್ಲ, ಮನಿತನದ ರೀತಿ. ಡಿಸ್ಕಿನೊಳಗ ಬ್ಯಾಂಕಿನ ಪಾಸ್‌ಬುಕ್ ಅದ, ಹೆಣ್ಣುಮಕ್ಕಳ ಫೋಟೋ ಅವ. ಡಿಲೀಟ್ ಮಾಡಿದ್ರೂ ತಿಳಿದವರು ಹೊಳ್ಳಿ ತಗೀಬಹುದು. ಅಂಥಾದ್ದು ಮನಿ ಹೊಸ್ತಿಲ ದಾಟಬೇಕಾದ್ರ ನಮಗ ಗೊತ್ತಿದ್ದು, ನಾವು ಜೋಡಿ ಇದ್ದು ದಾಟಬೇಕು.

ಇನ್ನ ತಗಿಯೋದು ಹೆಂಗ. ಸಾವಕಾಶ ಓದ್ರಿ. ಇಲ್ಲಿ ಹೇಳೋದು ನಿಂತ ಡಬ್ಬಿಯ, ಅಂದ್ರ ಮೇಜಿನ ಕಂಪ್ಯೂಟರಿನ ಮಾತು.

ಸುಟ್ಟ ವಾಸನಿ, ಹೊಗಿ ಬಂದ್ರ ಮೊದಲ ಮನಿ ಮೇನ್ ಸ್ವಿಚ್ ಆಫ್ ಮಾಡ್ರಿ. ನೀರು ಹಾಕಬ್ಯಾಡ್ರಿ. ಗುಡುಗು ಸಿಡಿಲು ಪೂರ್ತಿ ನಿಂತ ಮ್ಯಾಲೆನ ಕೆಲಸ. ಬೋರ್ಡಿನ ಸ್ವಿಚ್ ಆಫ್ ಮಾಡಿದ್ರ ಸಾಲದು, ಪ್ಲಗ್ಗನ್ನ ಗ್ವಾಡಿಯಿಂದ ಕಿತ್ತಿಡ್ರಿ. ಯಾಕಂದ್ರ ಕೆಲವು ಮನಿಯೊಳಗ ವೈರಿಂಗ್ ಮಾಡಿದವರು ಸ್ವಿಚ್ಚನ್ನ ಫೇಸಿನ ಬದಲಿ ನ್ಯೂಟ್ರಲ್‌ಗೆ ಹಾಕಿರ್ತಾರ, ಆಫ್ ಇದ್ರೂ ಕರೆಂಟ್ ಇರ್ತದ. ಯುಪಿಎಸ್ ಇದ್ರಂತೂ ನೆನಪಿಡ್ರಿ: ಮನಿ ಕರೆಂಟ್ ಹೋದಾಗನ ಅದು ಕರೆಂಟ್ ಕೊಡೋದು. ಕಂಪ್ಯೂಟರಿನ ತಂತಿ ಯುಪಿಎಸ್‌ನಿಂದನೂ ತಗೀರಿ. ಪರದೆ, ಪ್ರಿಂಟರ್, ಇಂಟರ್ನೆಟ್ ತಂತಿ, ಎಲ್ಲಾ ಬಿಡಿಸ್ರಿ. ಬಿಡಿಸೋ ಮೊದಲ ಮೊಬೈಲಿನಾಗ ಒಂದು ಫೋಟೋ ಹೊಡಕೋರಿ.

ಪ್ಲಗ್ ತೆಗೆದ ಮ್ಯಾಲೆ ಕಂಪ್ಯೂಟರ್ ಚಾಲೂ ಮಾಡೋ ಗುಂಡಿನ ಹತ್ತು ಎಣಿಸೋತನಕ ಒತ್ತಿ ಹಿಡೀರಿ. ಒಳಗ ಉಳಿದ ಒಂದಿಷ್ಟು ಕರೆಂಟ್ ಖಾಲಿ ಆಗ್ತದ. ಆಮ್ಯಾಲೆ ಅರ್ಧ ತಾಸು ಸುಮ್ನ ಬಿಡ್ರಿ. ಒಲಿ ಆರಿಸಿದ ಕೂಡಲೇ ಕುಕ್ಕರಿನ ಮುಚ್ಚಳ ತಗೀತೀವೇನು? ಸೀಟಿ ಇಳದು ಉಗಿ ಹೋಗೋತನಕ ಕಾಯ್ತೀವಿ. ಇದೂ ಹಂಗ.

ಕಾಯೋ ಹೊತ್ತಿನಾಗ ನೀವು ತಯಾರಾಗ್ರಿ. ಬಳಿ, ಉಂಗುರ, ವಾಚು ತೆಗೆದಿಡ್ರಿ. ತಾಳಿ ಒಳಗ ಸೇರಿಸ್ರಿ, ಸೆರಗು ಸೊಂಟಕ್ಕ ಸಿಗಿಸ್ರಿ. ನೈಲಾನ್, ಪಾಲಿಯೆಸ್ಟರ್ ಬ್ಯಾಡ, ಹತ್ತಿ ಅರಬಿ ಇರಲಿ. ಚಳಿಗಾಲದಾಗ ನೈಲಾನ್ ಸೀರಿ ಕಳೀಬೇಕಾದ್ರ ಚಟಚಟ ಅಂತದಲ್ಲ, ಆ ಕಿಡಿ ನಮಗ ಲೆಕ್ಕಕ್ಕಿಲ್ಲ, ಕಂಪ್ಯೂಟರಿನ ಸಣ್ಣ ಭಾಗಗಳಿಗೆ ಅಷ್ಟ ಸಾಕು ಸಾಯಲಿಕ್ಕೆ. ಕಟ್ಟಿಗಿ ಮೇಜಿನ ಮ್ಯಾಲೆ ಡಬ್ಬಿ ಇಡ್ರಿ. ಕೆಳಗ ಸ್ಟೀಲ್ ತಾಟು, ಉಣ್ಣಿ ಜಮಖಾನಿ ಬ್ಯಾಡ. ಕೈ ಒಣಗಿರಬೇಕು. ಹಗಲು ಬೆಳಕಿನ್ಯಾಗ ಮಾಡ್ರಿ, ಸಣ್ಣ ಹುಡುಗೂರನ್ನ ದೂರ ಇಡ್ರಿ.

ಬೇಕಾಗೋ ಸಾಮಾನು ಒಂದ, ಸ್ಟಾರ್ ಸ್ಕ್ರೂ ಡ್ರೈವರ್. ಸ್ಕ್ರೂ ಹಾಕಲಿಕ್ಕೆ ಒಂದು ವಾಟಿ. ಡಬ್ಬಿಯ ಮುಂದ ನಿಂತು ನೋಡಿದ್ರ ಎಡಗಡೆ ತಗಡು ಸಾಮಾನ್ಯವಾಗಿ ತೆಗಿಯೋದು. ಅದರ ಸ್ಕ್ರೂ ಹಿಂದಿನ ಬಾಜು ಇರ್ತಾವ. ಬಿಚ್ಚಿ, ತಗಡನ್ನ ಹಿಂದಕ್ಕ ಜರಗಿಸಿದ್ರ ಬರ್ತದ. ತಗಡಿನ ಅಂಚು ಈಳಿಗಿ ಹಂಗ ಹರಿತ ಇರ್ತದ, ಸಂಭಾಳಿಸ್ರಿ. ಒಳಗ ಧೂಳಿರ್ತದ, ಬಾಯಿಲೆ ಊದಬ್ಯಾಡ್ರಿ, ಉಗುಳು ಹಾರತದ. ಏನೂ ಮುಟ್ಟೋ ಮೊದಲ ಡಬ್ಬಿಯ ಬಣ್ಣ ಇಲ್ಲದ ಕಬ್ಬಿಣದ ಜಾಗಾ ಮುಟ್ರಿ, ನಡನಡುವ ಹೊಳ್ಳಿ ಮುಟ್ರಿ. ಮೈಯಾಗಿನ ಕಿಡಿ ಅಲ್ಲಿಗೆ ಇಳೀತದ.

ಈಗ ಒಳಗ ನೋಡ್ರಿ. ಗ್ವಾಡಿ ತಂತಿ ಸಿಗಿಸ್ತಿದ್ವಲ್ಲ, ಆ ಜಾಗಾದ ಒಳಮಗ್ಗಲ ಒಂದು ಕಬ್ಬಿಣದ ಡಬ್ಬಿ ಅದ. ಅದಕ್ಕ ಫ್ಯಾನ್ ಅದ, ಬಣ್ಣಬಣ್ಣದ ಇಲ್ಲಾ ಕರೀ ತಂತಿ ಗೊಂಚಲು ಹೊರಗ ಬಂದದ. ಅದ ಎಸ್‌ಎಂಪಿಎಸ್. ಇದನ್ನ ಬಿಚ್ಚಬ್ಯಾಡ್ರಿ. ಕಾರಣ ಹೇಳ್ತೀನಿ. ಇದರೊಳಗ ಕರೆಂಟ್ ಕೂಡಿಸಿಡೋ ದೊಡ್ಡ ಕೆಪಾಸಿಟರ್ ಇರ್ತದ. 230 ವೋಲ್ಟ್ ಅದರೊಳಗ 325 ವೋಲ್ಟ್ ಆಸುಪಾಸು ಆಗಿ ಕೂತಿರ್ತದ. ಸರಿ ಇದ್ದ ಡಬ್ಬಿಯಾಗ ಪ್ಲಗ್ ತೆಗೆದ ಮ್ಯಾಲೆ ಅದು ತಾನ ಇಳೀತದ. ಸುಟ್ಟ ಡಬ್ಬಿಯಾಗ ಆ ಇಳಿಯೋ ದಾರಿನ ಸುಟ್ಟಿರಬಹುದು. ಆವಾಗ ಎಷ್ಟು ಹೊತ್ತು ಕಾದ್ರೂ ಭರವಸೆ ಇಲ್ಲ. ಗುಂಡಿ ಒತ್ತೋದು, ಅರ್ಧ ತಾಸು ಕಾಯೋದು ಎಲ್ಲಾ ಹೊರಗಿನ ಭಾಗಗಳಿಗೆ ಅಷ್ಟ, ಈ ಡಬ್ಬಿ ಬಿಚ್ಚಲಿಕ್ಕೆ ಪರವಾನಗಿ ಅಲ್ಲ. "ಒಳಗ ಫ್ಯೂಸ್ ಅದ, ಅಷ್ಟ ಬದಲು ಮಾಡಿದ್ರ ಆತು" ಅಂತ ಯಾರರೆ ಅಂದ್ರ ಕೇಳಬ್ಯಾಡ್ರಿ. ಫ್ಯೂಸ್ ಸುಮ್ನ ಸುಡೂದಿಲ್ಲ, ಒಳಗ ಬ್ಯಾರೆ ಏನೋ ಹೋಗಿರ್ತದ.

ಹಳೇ ಕಾಲದ ದಪ್ಪ ಬೆನ್ನಿನ ಪರದೆ ಇದ್ರ ಅದನ್ನೂ ಬಿಚ್ಚಬ್ಯಾಡ್ರಿ. ಅದರ ಗಾಜಿನ ಕೊಳವಿಗೆ 20,000 ವೋಲ್ಟಿಗಿಂತ ಹೆಚ್ಚು ಬೇಕಾಗ್ತದ, ಆರಿಸಿದ ಮ್ಯಾಲೂ ಅದು ಹಿಡಕೊಂಡು ಕೂತಿರಬಹುದು. ಯುಪಿಎಸ್ ಒಳಗೂ ಕೈ ಹಾಕಬ್ಯಾಡ್ರಿ. ಅದರ ಬ್ಯಾಟರಿಯೊಳಗ ಆ್ಯಸಿಡ್ ಇರ್ತದ, ತಂತಿ ತಂತಿ ಕೂಡಿದ್ರ ಬೆಂಕಿ.

ಹಾರ್ಡ್ ಡಿಸ್ಕ್ ಎಲ್ಲದ ಅಂದ್ರ, ಡಬ್ಬಿಯ ಮುಂದಿನ ಭಾಗದಾಗ, ಭಾರ ಇರೋ, ಸಣ್ಣ ಪುಸ್ತಕದಷ್ಟ ದೊಡ್ಡ ಲೋಹದ ಪೆಟ್ಟಿಗಿ. ಒಂದು ಬಾಜು ಹಸಿರು ಹಲಗಿ ಕಾಣಸ್ತದ. ಅದಕ್ಕ ಎರಡು ತಂತಿ. ಒಂದು ಸಣ್ಣದು, ಮದರ್‌ಬೋರ್ಡಿಗೆ ಹೋಗ್ತದ. ಇನ್ನೊಂದು ಅಗಲದ್ದು, ಕರೆಂಟಿನ ಡಬ್ಬಿಯಿಂದ ಬರ್ತದ. ಭಾಳ ಹಳೇ ಕಂಪ್ಯೂಟರ್ ಇದ್ರ ಸಣ್ಣ ತಂತಿ ಬದಲಿ ಲಾಡಿಯಂಥಾ ಅಗಲ ಪಟ್ಟಿ ಇರ್ತದ. ತಂತಿ ಹಿಡದು ಜಗ್ಗಬ್ಯಾಡ್ರಿ, ಅದರ ತುದಿಯ ಪ್ಲಾಸ್ಟಿಕ್ ತಲಿ ಹಿಡದು ನೆಟ್ಟಗ ಎಳೀರಿ. ಕೆಲವಕ್ಕ ಸಣ್ಣ ಚಿಲಕ ಇರ್ತದ, ಒತ್ತಿ ಎಳೀಬೇಕು. ಆಮ್ಯಾಲೆ ಡಿಸ್ಕಿನ ಎರಡೂ ಬಾಜು ಸ್ಕ್ರೂ ಬಿಚ್ಚಿದ್ರ ಡ್ರಾವರ್ ಜರಗಿಸಿದಂಗ ಜರಗಿ ಬರ್ತದ. ಅಂಚು ಹಿಡೀರಿ, ಹಸಿರು ಹಲಗಿ ಮುಟ್ಟಬ್ಯಾಡ್ರಿ, ಕೆಳಗ ಕೆಡವಬ್ಯಾಡ್ರಿ. ಹೊಸಾ ಕಂಪ್ಯೂಟರಿನಾಗ ಇದರ ಬದಲಿ ಎಸ್‌ಎಸ್‌ಡಿ ಇರಬಹುದು. ಅದು ಚಪ್ಪಟಿ ಹಗುರ ಡಬ್ಬಿ ಇರ್ತದ, ಇಲ್ಲಾ ಮದರ್‌ಬೋರ್ಡಿಗೆ ಅಂಟಿದಂಗ ಮಲಗಿದ ಚೂಯಿಂಗ್ ಗಮ್ ಪಟ್ಟಿಯಂಥಾ ಹಲಗಿ ಇರ್ತದ. ಆ ಪಟ್ಟಿಗೆ ತುದಿಯಾಗ ಒಂದ ಸ್ಕ್ರೂ. ಬಿಚ್ಚಿದ್ರ ತುದಿ ತಾನ ಮ್ಯಾಲೆ ಏಳತದ, ಸಾವಕಾಶ ಎಳಕೋರಿ.

ತೆಗೆದ ಡಿಸ್ಕನ್ನ ಪ್ಲಾಸ್ಟಿಕ್ ಚೀಲದಾಗ ಹಾಕಬ್ಯಾಡ್ರಿ. ಕಂಪ್ಯೂಟರ್ ಅಂಗಡಿಯಾಗ ಇಂಥಾವಕ್ಕ ಅಂತನ ಬೆಳ್ಳಿ ಬಣ್ಣದ ಚೀಲ ಸಿಗ್ತಾವ. ಅದು ಇಲ್ಲಂದ್ರ ಒಣಾ ಹತ್ತಿ ಅರಬಿಯೊಳಗ ಸುತ್ತಿ ಒಂದು ರಟ್ಟಿನ ಡಬ್ಬಿಯಾಗ ಇಡ್ರಿ. ಮ್ಯಾಲೆ ತಾರೀಖು ಬರೀರಿ. ಅಷ್ಟ. ಮುಖ್ಯ ಕೆಲಸ ಮುಗೀತು. ಉಳಿದ ಡಬ್ಬಿ ಯಾರಿಗೆ ಬೇಕಾದ್ರೂ ತೋರಿಸ್ರಿ.

ಡಿಸ್ಕ್ ಕೈಗೆ ಬಂತಂತ ಅದಕ್ಕ ಲಗೂನ ಕರೆಂಟ್ ಕೊಡಲಿಕ್ಕೆ ಹೋಗಬ್ಯಾಡ್ರಿ. ಮೊದಲ ಹಸಿರು ಹಲಗಿ ನೋಡ್ರಿ, ಮೂಸ್ರಿ. ಕರೀ ಕಲೆ, ಸುಟ್ಟ ವಾಸನಿ ಇದ್ರ ಅಲ್ಲಿಗೆ ನಿಲ್ಲಿಸ್ರಿ. ಹಲಗಿ ಸುಟ್ರೂ ಒಳಗಿನ ತಟ್ಟಿಯೊಳಗ ಎಲ್ಲಾ ಉಳದಿರಬಹುದು, ಡೇಟಾ ರಿಕವರಿ ಅಂತ ಅದನ್ನ ಮಾಡೋರಿದ್ದಾರ, ಅವರ ಕಡೆ ಹೋಗ್ರಿ. ಖರ್ಚು ಭಾಳ ಬರ್ತದ, ಮೊದಲ ಕೇಳಿ ಒಪ್ಪಿಕೋರಿ. ಡಿಸ್ಕನ್ನ ಮಾತ್ರ ಮನಿಯೊಳಗ ಬಿಚ್ಚಬಾರದು, ಒಂದು ಕಣ ಧೂಳು ಒಳಗ ಹೋದ್ರ ಆ ತಟ್ಟಿ ಕೆಡ್ತಾವ. ಅಕ್ಕಿಯೊಳಗ ಹುಗಿಯೋದು, ಫ್ರಿಜ್ಜಿನೊಳಗ ಇಡೋದು, ಇವೆಲ್ಲಾ ಕೇಳಿದ ಮಾತು, ಮಾಡಬ್ಯಾಡ್ರಿ.

ಸುಟ್ಟ ಗುರುತಿಲ್ಲಂದ್ರ ಡಿಸ್ಕನ್ನ ಯುಎಸ್‌ಬಿಗೆ ಜೋಡಿಸೋ ತಂತಿ ಅಂಗಡಿಯಾಗ ಸಿಗ್ತದ. ದೊಡ್ಡ ಡಿಸ್ಕಿಗೆ 12 ವೋಲ್ಟ್ ಬ್ಯಾರೆ ಬೇಕು, ಅದಕ್ಕ ತನ್ನದ ಅಡಾಪ್ಟರ್ ಇರೋ ತಂತಿ ತಗೋರಿ. ಅದನ್ನ ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ಕಿವಿಗೊಟ್ಟು ಕೇಳ್ರಿ. ಮೆತ್ತಗ ತಿರುಗೋ ಸಪ್ಪಳ ಬಂದ್ರ ಛಲೋ. ಟಕ್ ಟಕ್ ಅಂತ ಬಡಕೊಂಡ್ರ ಕೂಡಲೇ ತೆಗೀರಿ. "ಫಾರ್ಮ್ಯಾಟ್ ಮಾಡಲೇನು" ಅಂತ ಕಂಪ್ಯೂಟರ್ ಕೇಳಿದ್ರ ಬ್ಯಾಡ ಅನ್ರಿ. ಹೂಂ ಅಂದ್ರ ಹಾಳಿ ಖಾಲಿ ಮಾಡಿದಂಗ. ಹೊಸಾ ಕಂಪ್ಯೂಟರಿನ ಡಿಸ್ಕಿದ್ರ ಅದು ಬಿಟ್‌ಲಾಕರ್ ಅಂತ 48 ಅಂಕಿಯ ಕೀಲಿ ಕೇಳಬಹುದು. ಅದು ಸಾಮಾನ್ಯವಾಗಿ ಕಂಪ್ಯೂಟರ್ ಚಾಲೂ ಮಾಡಿದವರ ಮೈಕ್ರೋಸಾಫ್ಟ್ ಖಾತೆಯೊಳಗ ಇರ್ತದ. ಈಗ ಸರಿ ಇರೋ ಕಂಪ್ಯೂಟರಿನ ಆ ಕೀಲಿ ಇವತ್ತ ಒಂದು ಡೈರಿಯೊಳಗ ಬರೆದಿಟ್ರ ಮುಂದ ಅಳೋದು ತಪ್ಪತದ.

ನಮ್ಮ ಮನಿ ಡಿಸ್ಕ್ ಹಿಂಗ ಉಳೀತು. ಅದರೊಳಗ ನಮ್ಮ ಅತ್ತಿಯವರ ಧ್ವನಿ ಇತ್ತು. ತೀರಿಕೊಳ್ಳೋ ಹಿಂದಿನ ವರ್ಷ ನಮ್ಮ ನಾದಿನಿ ಅವರನ್ನ ಕೂಡಿಸಿ ಬೀಸೋಕಲ್ಲಿನ ಹಾಡು, ಆರತಿ ಹಾಡು ಹಾಡಿಸಿ ತುಂಬಿಕೊಂಡಿದ್ದಳು. ಮೆಂತ್ಯಹಿಟ್ಟಿಗೆ ಯಾವುದು ಎಷ್ಟು ಹುರೀಬೇಕು ಅಂತ ಅವರ ಬಾಯಿಲೆ ಹೇಳಿದ್ದೂ ಇತ್ತು. ಯಾವ ಪುಸ್ತಕದಾಗೂ ಇಲ್ಲದ ಹಾಡು ಅವು. ಒಂದು ಸ್ಕ್ರೂ ಡ್ರೈವರ್, ಒಂದು ಯುಎಸ್‌ಬಿ ತಂತಿ, ಇಷ್ಟರಿಂದ ಆ ಧ್ವನಿ ಮನಿಯೊಳಗ ಉಳೀತು. ಈಗ ಅದರ ಒಂದು ಪ್ರತಿ ನಮ್ಮಲ್ಲಿ, ಒಂದು ನಾದಿನಿ ಮನಿಯೊಳಗ ಅದ.

ಇನ್ನ ಉಳಿದ ಭಾಗಗಳ ಮಾತು. ನಾವು ಹಳೇ ಸೀರಿ ಒಗಿಯೋ ಮಂದಿ ಅಲ್ಲ, ಕೌದಿ ಹೊಲಿಯೋ ಮಂದಿ. ಅದಕ್ಕ "ರ‍್ಯಾಮ್ ತಗೀರಿ, ಎಸ್‌ಎಂಪಿಎಸ್ ತಗೀರಿ, ಹೊಸಾದಕ್ಕ ಹಾಕೋಣ" ಅಂತ ಆಸೆ ಆಗ್ತದ. ಇಲ್ಲಿ ನನ್ನ ಅಭಿಪ್ರಾಯ ಬ್ಯಾರೆ. ಕೌದಿಯೊಳಗ ಒಂದು ಹರಕು ತುಂಡು ಸೇರಿದ್ರ ಬಾಜು ತುಂಡು ಹರಿಯೂದಿಲ್ಲ. ಕಂಪ್ಯೂಟರಿನಾಗ ಒಂದು ಸುಟ್ಟ ಭಾಗ ಹಾಕಿದ್ರ ಅದು ಹೊಸಾದನ್ನೂ ಸುಡಬಹುದು. ಹೊಡೆತ ತಿಂದ ಎಸ್‌ಎಂಪಿಎಸ್ ಚಾಲೂ ಆದ್ರೂ ಅದನ್ನ ನಂಬಬಾರದು. ಬೋರ್ಡಿನ ಮ್ಯಾಲೆ ಸಣ್ಣ ಸಣ್ಣ ಉರುಳಿ ಹಂಗಿರೋ ಕೆಪಾಸಿಟರುಗಳ ನೆತ್ತಿ ಉಬ್ಬಿದ್ರ, ರಸ ಸೋರಿದ್ರ ಆ ಬೋರ್ಡು ಮುಗೀತು. ರ‍್ಯಾಮ್ ಒಂದನ್ನ ತಗೀಬಹುದು, ಅದು ಸುಲಭ: ತುದಿಯಾಗಿನ ಚಿಲಕ ಹೊರಗ ಒತ್ತಿದ್ರ ಪಟ್ಟಿ ಏಳತದ, ಬಂಗಾರ ಬಣ್ಣದ ಹಲ್ಲು ಮುಟ್ಟದ ಅಂಚು ಹಿಡೀಬೇಕು. ಆದರ ಡಿಡಿಆರ್3 ಇದ್ದದ್ದು ಡಿಡಿಆರ್4 ಜಾಗಾಕ್ಕ ಕೂಡೂದಿಲ್ಲ, ಒತ್ತಿ ಕೂಡಿಸಬ್ಯಾಡ್ರಿ. ತೆಗೆದ ಯಾವುದನ್ನೂ ಹೊಸಾ ಕಂಪ್ಯೂಟರಿಗೆ ನೇರ ಹಾಕಬ್ಯಾಡ್ರಿ. ರಿಪೇರಿಯವರ ಕಡೆ ಹಳೇದೊಂದು ಇರ್ತದ, ಅದರಾಗ ಒಂದೊಂದ ಹಾಕಿ ಪರೀಕ್ಷಾ ಮಾಡಸ್ರಿ.

ಮದರ್‌ಬೋರ್ಡಿನ ಮ್ಯಾಲೆ ರೂಪಾಯಿಯಂಥಾ ಒಂದು ಗುಂಡನ ಬ್ಯಾಟರಿ ಅದ, 3 ವೋಲ್ಟಿಂದು. ಮನಿಯೊಳಗ ಕೂಸು ಇದ್ದವರು ಇದನ್ನ ಎರಡು ಸಲ ಓದ್ರಿ. ಕೂಸು ಅದನ್ನ ನುಂಗಿ ಗಂಟಲದಾಗ ಸಿಕ್ಕೊಂಡ್ರ ಎರಡು ತಾಸಿನೊಳಗ ಅನ್ನನಾಳ ಸುಟ್ಟು ತೂತು ಬೀಳೋಷ್ಟು ಗಾಯ ಮಾಡಬಹುದು. ಬ್ಯಾಟರಿ ತಗದ್ರ ಎರಡೂ ಬಾಜು ಟೇಪ್ ಹಚ್ಚಿ ಎತ್ತರದಾಗ ಇಡ್ರಿ. ನುಂಗಿದ ಸಂಶಯ ಬಂದ್ರೂ ಸಾಕು, ವಾಂತಿ ಮಾಡಿಸಲಿಕ್ಕೆ ಹೋಗದ ನೆಟ್ಟಗ ದೊಡ್ಡ ದವಾಖಾನಿಗೆ ಓಡ್ರಿ.

ಲ್ಯಾಪ್‌ಟಾಪ್ ಇದ್ರ ನಾ ಮನಿಯೊಳಗ ಬಿಚ್ಚರಿ ಅನ್ನೂದಿಲ್ಲ. ಅದರ ಬ್ಯಾಟರಿ ಒಳಗ ಇರ್ತದ, ಚೂಪು ಸಾಮಾನು ತಾಗಿದ್ರ ಬೆಂಕಿ ಹತ್ತತದ. ಬೆನ್ನು ಉಬ್ಬಿದ್ರಂತೂ ಚಾರ್ಜಿಗೆ ಹಾಕಬ್ಯಾಡ್ರಿ, ಒತ್ತಬ್ಯಾಡ್ರಿ. ಅಂಗಡಿಗೆ ಒಯ್ದು ಎದುರಿಗೆ ಕೂತು, "ಮೊದಲ ಡಿಸ್ಕ್ ತೆಗೆದು ನನ್ನ ಕೈಯಾಗ ಕೊಡ್ರಿ" ಅಂತ ಹೇಳ್ರಿ. ಡಿಸ್ಕ್ ಬಿಟ್ಟು ಬರಬೇಕಾದ್ರ ಅದರ ಮ್ಯಾಲಿನ ಸೀರಿಯಲ್ ನಂಬರ್ ರಸೀದಿಯೊಳಗ ಬರಸ್ರಿ.

"ಈಗೆಲ್ಲಾ ಮೊಬೈಲಿನಾಗ ಅದ, ಕಂಪ್ಯೂಟರಿನಾಗ ಏನದ" ಅಂತ ನಮ್ಮ ವಯಸ್ಸಿನವರ ಅಂತಾರ. ಮೊಬೈಲ್ ತುಂಬಿದಾಗೆಲ್ಲಾ ಹುಡುಗೂರು ಫೋಟೋ ಎಲ್ಲಿ ಸುರೀತಾರ ಕೇಳಿ ನೋಡ್ರಿ. "ಇದು ಗಂಡಸರ ಕೆಲಸ" ಅನ್ನೋರೂ ಇದ್ದಾರ. ಸಿಲಿಂಡರ್ ಬದಲು ಮಾಡೋದು, ಗ್ಯಾಸ್ ಸೋರಿದ್ರ ಮೂಸಿ ಕಂಡುಹಿಡಿಯೋದು ನಮ್ಮ ಕೆಲಸ ಆದ್ರ ನಾಕು ಸ್ಕ್ರೂ ಬಿಚ್ಚೋದು ಯಾಕ ಗಂಡಸರದಾಗಬೇಕು? ಕರೆಂಟ್ ಹೊಡೆತ ಬಿದ್ದ ಹೊತ್ತಿನ್ಯಾಗ ಮನಿಯೊಳಗ ಇರೋರು ಬಹುತೇಕ ನಾವ. ಗುಜರಿಯವ ಬಾಗಿಲಿಗೆ ಬಂದಾಗ ಎದುರಿಗೆ ನಿಲ್ಲೋರೂ ನಾವ.

ಉಳಿದ ತಗಡು, ಹಲಗಿ, ತಂತಿ ಕಸದ ಗಾಡಿಗೆ ಹಾಕಬ್ಯಾಡ್ರಿ, ಸುಡಬ್ಯಾಡ್ರಿ. ಅದರೊಳಗ ಸೀಸ ಅದ, ಬ್ಯಾರೆ ವಿಷ ಅವ. ಇ-ತ್ಯಾಜ್ಯಕ್ಕ ಅಂತ ಸರಕಾರದ 2022ರ ನಿಯಮ ಅವ, 2023ರ ಏಪ್ರಿಲ್ 1ರಿಂದ ಜಾರಿಯೊಳಗ ಅವ. ನೋಂದಣಿ ಮಾಡಿಸಿದವರಿಗೆ ಅದನ್ನ ಕೊಡಬೇಕು. ನಿಮ್ಮೂರಾಗ ಯಾರು ತಗೋತಾರ ಅಂತ ಪಾಲಿಕೆಯವರನ್ನ ಕೇಳ್ರಿ.

ಮುಂದ ಹಿಂಗ ಆಗದಂಗ ಏನು ಮಾಡಬೇಕು? ಮೂರು ಮಾತು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಗೆ ಅರ್ಥಿಂಗ್ ಖರೆ ಅದನೋ ಇಲ್ಲೋ ಒಬ್ಬ ಎಲೆಕ್ಟ್ರಿಷಿಯನ್ ಕಡಿಂದ ನೋಡಿಸ್ರಿ. ಸಾದಾ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೊಡೆತ ತಡಿಯೋ ಶಕ್ತಿ ಇಲ್ಲ, ಸರ್ಜ್ ಪ್ರೊಟೆಕ್ಟರ್ ಅಂತ ಕೇಳಿ ತಗೋಬೇಕು. ಅದೂ ಹೊಡೆತ ತಿಂದು ತಿಂದು ಸವೀತದ, ನ್ಯೂಟ್ರಲ್ ಹರಿದು ಹೆಚ್ಚಿನ ಕರೆಂಟ್ ಬರಕೋತ ಇದ್ರ ಅದೂ ಉಳಸೂದಿಲ್ಲ. ದೀಪ ಒಮ್ಮೆಲೆ ಜೋರಾದ್ರ ಮೇನ್ ಆಫ್ ಮಾಡ್ರಿ. ಮೂರನೇದು, ಮೋಡ ಕವದಾಗನ ಪ್ಲಗ್, ಇಂಟರ್ನೆಟ್ ತಂತಿ ಎರಡೂ ಕಿತ್ತಿಡ್ರಿ. ಸಿಡಿಲು ತಲಿ ಮ್ಯಾಲೆ ಬಂದ ಮ್ಯಾಲೆ ಪ್ಲಗ್ಗಿಗೆ ಕೈ ಹಾಕಬಾರದು, ಆವಾಗ ಸುಟ್ರ ಕಂಪ್ಯೂಟರ್ ಸುಡಲಿ, ನೀವು ದೂರ ಇರ್ರಿ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ "ಸಿಡಿಲು" ಆ್ಯಪ್ ಅದ, ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯವರ "ದಾಮಿನಿ" ಅದ. ಒಂದನ್ನ ಮೊಬೈಲಿನಾಗ ಹಾಕಿಕೋರಿ, ಹೊಲಕ್ಕ ಹೋಗೋರ ಮೊಬೈಲಿನಾಗೂ ಹಾಕಿ ಕೊಡ್ರಿ.

ಇದನ್ನ ಓದಿದವರೊಳಗ ಒಂದಿಬ್ಬರ ಮನಿ ಅಟ್ಟದ ಮ್ಯಾಲೆ ಕೆಟ್ಟ ಕಂಪ್ಯೂಟರ್ ಇದ್ದ ಇರ್ತದ, ನನಗ ಗೊತ್ತದ. ದೀಪಾವಳಿಗೆ ಅಟ್ಟ ಸ್ವಚ್ಛ ಮಾಡಬೇಕಾದ್ರ ಅದನ್ನ ಗುಜರಿಗೆ ಹಾಕೋರು ಇದ್ದೀರಿ. ಹಾಕ್ರಿ, ನಾ ಬ್ಯಾಡ ಅನ್ನೂದಿಲ್ಲ. ಅದಕಿಂತ ಮೊದಲ ಒಂದು ತಾಸು ಬಿಡುವು ಮಾಡಿಕೊಂಡು, ಬಳಿ ತೆಗೆದಿಟ್ಟು, ಆ ನಾಕು ಸ್ಕ್ರೂ ಬಿಚ್ಚರಿ. ಕೈ ನಡುಗಿದ್ರ ಬಾಜು ಮನಿಯಾಕಿನ ಕರೀರಿ, ಇಬ್ಬರೂ ಕೂಡಿ ಮಾಡ್ರಿ. ನಮ್ಮ ಓಣಿಯವರು ಇದ್ರ ನನಗ ಒಂದು ಮಾತು ಹೇಳಿ ಕಳಸ್ರಿ, ಸ್ಕ್ರೂ ಡ್ರೈವರ್ ತಗೊಂಡ ಬರ್ತೀನಿ. ಚಹಾ ಮಾತ್ರ ಕೆಲಸ ಮುಗಿದ ಮ್ಯಾಲೆ.